ಕವಲುಕೋಶಗಳ ಮೂಲಶೋಧ

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಕೆದಕಬಾರದೆಂಬ ಮಾತು ಕನ್ನಡದಲ್ಲಿದೆ. ‘ನದೀಚೆ ಮೂಳ ಆಣಿ ಋಷೀಚೆ ಕೂಳ ವಿಚಾರೂ ನಯೇ’ ಎಂದು ಮರಾಠಿಯೂ ಅದನ್ನೇ ಹೇಳುತ್ತದೆ. ಲೋಕವ್ಯವಹಾರದಲ್ಲಿ ಈ ಸಂಯಮ ಶೋಭಿಸುತ್ತದೆ. ಜೀವವಿಜ್ಞಾನದಲ್ಲಿ ಇದು ನಡೆಯದು. ಒಂದು ಕೋಶ ಎಲ್ಲಿ ಹುಟ್ಟಿತು, ಯಾವುದರ ಸಂತತಿ, ಯಾವ ದಾರಿಯಿಂದ ಬಂದು ಈಗಿನ ನೆಲೆಯನ್ನು ಸೇರಿತು ಎಂಬುದನ್ನು ಅರಿಯದೆ ಅದರ ಕೆಲಸ ಪೂರ್ತಿಯಾಗಿ ತಿಳಿಯುವುದಿಲ್ಲ. ಅದು ಕೆಟ್ಟಾಗ ಚಿಕಿತ್ಸೆಯ ದಾರಿಯೂ ಕಾಣುವುದಿಲ್ಲ. ರೋಗನಿರೋಧಕ ವ್ಯವಸ್ಥೆಯ ‘ಡೆಂಡ್ರೈಟಿಕ್ ಕೋಶ’ಗಳ ಚರಿತ್ರೆ ಈ ಮಾತಿಗೆ ಒಳ್ಳೆಯ ನಿದರ್ಶನ. ಮನುಷ್ಯ ಈ ಬಗೆಯ ಆಕಾರದ ಕೋಶವನ್ನು ಮೊದಲು ಕಂಡದ್ದು 1868ರಲ್ಲಿ. ಅದರ ಮೂಲ ಯಾವುದೆಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆಯುವ ಹೊತ್ತಿಗೆ ಸುಮಾರು ಒಂದೂವರೆ ಶತಮಾನವೇ ಕಳೆದಿತ್ತು.

ಗ್ರೀಕ್ ಭಾಷೆಯಲ್ಲಿ ‘ಡೆಂಡ್ರಾನ್’ ಎಂದರೆ ಮರ. ಮೈಯಿಂದ ಎಲ್ಲ ದಿಕ್ಕಿಗೂ ಕೊಂಬೆಗಳಂತೆ ಚಾಚುಗಳನ್ನು ಹೊರಡಿಸುವ ಕಾರಣ ಈ ಕೋಶಕ್ಕೆ ಆ ಹೆಸರು ಬಂದಿತು. ಕನ್ನಡದಲ್ಲಿ ಇದನ್ನು ‘ಕವಲುಕೋಶ’ ಎನ್ನಬಹುದು. ಈ ಲೇಖನದಲ್ಲಿ ಅದೇ ಪದವನ್ನು ಬಳಸಲಾಗಿದೆ. ಮರಾಠಿ ಮಾಧ್ಯಮದಲ್ಲಿ ವಿಜ್ಞಾನ ಓದಿ ಬಂದ ವಿದ್ಯಾರ್ಥಿಗಳಿಗೆ ಇಲ್ಲೊಂದು ಎಚ್ಚರಿಕೆ ಅವಶ್ಯಕ. ಮರಾಠಿಯ ‘ಪೇಶಿ’ ಎಂದರೆ ಜೀವಕೋಶ. ಕನ್ನಡದಲ್ಲಿ ‘ಮಾಂಸಪೇಶಿ’ ಎಂದರೆ ಸ್ನಾಯು. ಮರಾಠಿಯ ‘ಪ್ಲೀಹಾ’ ಕನ್ನಡದಲ್ಲಿ ‘ಗುಲ್ಮ’. ಅಲ್ಲಿನ ‘ಲಸೀಕಾ ಗ್ರಂಥಿ’ ಇಲ್ಲಿ ‘ದುಗ್ಧಗ್ರಂಥಿ’. ಪದಗಳ ರೂಪವನ್ನೇ ನಂಬಿದರೆ ಅರ್ಥ ತಪ್ಪುವುದುಂಟು. ಕೋಶಗಳ ವಿಷಯದಲ್ಲಿಯೂ ಇಂಥದೇ ಒಂದು ತೊಡಕು ವಿಜ್ಞಾನಿಗಳನ್ನು ಬಹುಕಾಲ ಕಾಡಿತು.

ಗಡಿಯ ಬೇಹುಗಾರ

ಮೂಲವನ್ನು ಹುಡುಕುವ ಮುನ್ನ ಕವಲುಕೋಶದ ಕೆಲಸವನ್ನು ತಿಳಿಯಬೇಕು. ದೇಹದ ರಕ್ಷಣೆಯಲ್ಲಿ ಎರಡು ಪಡೆಗಳಿವೆ. ಮೊದಲನೆಯದು ಹುಟ್ಟಿನಿಂದಲೇ ಸಿದ್ಧವಾಗಿರುವಂಥದು. ಎದುರಿಗೆ ಬಂದ ರೋಗಾಣುವನ್ನು ಹೆಚ್ಚು ವಿಚಾರಿಸದೆ ನುಂಗಿಹಾಕುವ ಭಕ್ಷಕಕೋಶಗಳು ಇದರ ಮುಖ್ಯ ಯೋಧರು. ಎರಡನೆಯದು ಶತ್ರುವನ್ನು ಗುರುತಿಸಿ, ಆ ಶತ್ರುವಿಗೇ ತಕ್ಕ ಅಸ್ತ್ರವನ್ನು ಹೂಡಿ, ಮುಂದೆಯೂ ಅದನ್ನು ನೆನಪಿಡುವಂಥದು. ಟಿ-ಕೋಶಗಳು ಮತ್ತು ಬಿ-ಕೋಶಗಳು ಈ ಪಡೆಗೆ ಸೇರಿದವು. ಪ್ರತಿಯೊಂದು ಟಿ-ಕೋಶವೂ ನಿರ್ದಿಷ್ಟ ಕುರುಹನ್ನು ಮಾತ್ರ ಗುರುತಿಸಬಲ್ಲದು. ಇಡೀ ರೋಗಾಣು ಎದುರಿಗೆ ಬಂದು ನಿಂತರೂ ಅದು ತಾನಾಗಿ ಗುರುತಿಸಲಾರದು. ರೋಗಾಣುವಿನ ಪ್ರೋಟೀನನ್ನು ಚೂರುಮಾಡಿ, ಆ ಚೂರನ್ನು ಅಂಗೈಯಲ್ಲಿಟ್ಟಂತೆ ಹಿಡಿದು ತೋರಿಸುವವರು ಬೇಕು.

ಈ ಕೆಲಸವನ್ನು ಅತ್ಯಂತ ಸಮರ್ಥವಾಗಿ ಮಾಡುವುದು ಕವಲುಕೋಶ. ಚರ್ಮ, ಶ್ವಾಸನಾಳ, ಕರುಳು ಮೊದಲಾಗಿ ಹೊರಜಗತ್ತು ದೇಹವನ್ನು ಮುಟ್ಟುವ ಗಡಿಗಳಲ್ಲೆಲ್ಲ ಅದು ತನ್ನ ಕವಲುಗಳನ್ನು ಚಾಚಿ ಕಾದಿರುತ್ತದೆ. ಅನುಮಾನದ ವಸ್ತು ಸಿಕ್ಕೊಡನೆ ಅದರ ತುಣುಕನ್ನು ಹೊತ್ತು, ಗಡಿಯನ್ನು ಬಿಟ್ಟು, ಹತ್ತಿರದ ದುಗ್ಧಗ್ರಂಥಿಗೆ ಪಯಣಿಸುತ್ತದೆ. ಅಲ್ಲಿ ಸೇರುವ ಅಸಂಖ್ಯ ಟಿ-ಕೋಶಗಳಿಗೆ ಆ ತುಣುಕನ್ನು ತೋರಿಸುತ್ತದೆ. ಅದನ್ನು ಗುರುತಿಸಬಲ್ಲ ಟಿ-ಕೋಶ ಎದುರಾದಾಗ ತುಣುಕಿನ ಜೊತೆಗೆ ‘ಅಪಾಯವಿದೆ’ ಎಂಬ ಸಂಕೇತವನ್ನೂ ನೀಡುತ್ತದೆ. ಆಗ ಆ ಟಿ-ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು ಸೈನ್ಯವಾಗುತ್ತದೆ. ಹಳಗನ್ನಡ ಕಾವ್ಯಗಳಲ್ಲಿ ಬರುವ ಬೇಹಿನ ಚರರು ಗಡಿಯ ಸುದ್ದಿಯನ್ನು ರಾಜಧಾನಿಗೆ ಮುಟ್ಟಿಸುವಂತೆ ಈ ಕೋಶದ ಕಾರ್ಯ.

ಅಪಾಯವಿಲ್ಲದ ಸಮಯದಲ್ಲೂ ಕವಲುಕೋಶ ಸುಮ್ಮನಿರುವುದಿಲ್ಲ. ದೇಹದ ಸ್ವಂತ ಪ್ರೋಟೀನಿನ ತುಣುಕುಗಳನ್ನೂ ಅದು ಟಿ-ಕೋಶಗಳಿಗೆ ತೋರಿಸುತ್ತದೆ. ಆದರೆ ಆಗ ಅಪಾಯದ ಸಂಕೇತವಿರುವುದಿಲ್ಲ. ಆದಕಾರಣ ತನ್ನವರ ಮೇಲೆ ಕೈಮಾಡಬಾರದೆಂಬ ಪಾಠವನ್ನು ಟಿ-ಕೋಶಗಳು ಕಲಿಯುತ್ತವೆ. ಯುದ್ಧವನ್ನು ಹೂಡುವುದೂ ಶಾಂತಿಯನ್ನು ಕಾಯುವುದೂ ಒಂದೇ ಬೇಹುಗಾರನ ವರದಿಯನ್ನು ಅವಲಂಬಿಸಿವೆ. ಇಷ್ಟು ಮಹತ್ತ್ವದ ಕೋಶ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಮೊದಲ ನೋಟ, ಮೊದಲ ಊಹೆ

1868ರಲ್ಲಿ ಬರ್ಲಿನ್ನಿನಲ್ಲಿ ಪೌಲ್ ಲಾಂಗರ್‌ಹಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿಯಿದ್ದನು. ಅವನಿಗಾಗ ಇಪ್ಪತ್ತೊಂದರ ಹರೆಯ. ರುಡಾಲ್ಫ್ ವಿರ್ಕೋ ಎಂಬ ಪ್ರಸಿದ್ಧ ರೋಗಶಾಸ್ತ್ರಜ್ಞರ ಸಂಸ್ಥೆಯಲ್ಲಿ ಮನುಷ್ಯಚರ್ಮದ ತುಣುಕುಗಳಿಗೆ ಚಿನ್ನದ ಲವಣದ ಬಣ್ಣವನ್ನು ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದನು. ಚಿನ್ನದ ಬಣ್ಣ ನರಗಳನ್ನು ಎತ್ತಿ ತೋರಿಸುತ್ತದೆಂಬುದು ಅಂದಿನ ತಿಳಿವಳಿಕೆ. ಚರ್ಮದ ಹೊರಪದರದಲ್ಲಿ ಕವಲು ಕವಲಾಗಿ ಹರಡಿಕೊಂಡಿದ್ದ ಕೋಶಗಳು ಕಾಣಿಸಿಕೊಂಡವು. ಬಣ್ಣ ನರದ್ದು, ಆಕಾರವೂ ನರಕೋಶದ ಹಾಗಿದೆ; ಹೀಗಾಗಿ ಇವು ನರಮಂಡಲಕ್ಕೆ ಸೇರಿದವೆಂದು ಅವನು ತೀರ್ಮಾನಿಸಿದನು. ಮರುವರ್ಷ ಮೇದೋಜೀರಕಾಂಗದಲ್ಲಿ ಅವನು ಗುರುತಿಸಿದ ಕೋಶಸಮೂಹಗಳು ‘ಲಾಂಗರ್‌ಹಾನ್ಸ್ ದ್ವೀಪಗಳು’ ಎಂದು ಪ್ರಸಿದ್ಧವಾದವು. ಇನ್ಸುಲಿನ್ ಹುಟ್ಟುವುದು ಅಲ್ಲಿಯೇ. ಚರ್ಮದ ಕವಲುಕೋಶಗಳಿಗೂ ‘ಲಾಂಗರ್‌ಹಾನ್ಸ್ ಕೋಶ’ ಎಂಬ ಹೆಸರೇ ನಿಂತಿತು. 1888ರಲ್ಲಿ ನಲವತ್ತನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ ಆ ಕೋಶದ ನಿಜವಾದ ಕೆಲಸ ಯಾರಿಗೂ ತಿಳಿದಿರಲಿಲ್ಲ.

ಮುಂದೆ ಬಹುಕಾಲದವರೆಗೆ ಈ ಕೋಶದ ಮೂಲದ ಬಗ್ಗೆ ಊಹೆಗಳೇ ನಡೆದವು. ಚರ್ಮಕ್ಕೆ ಬಣ್ಣ ಕೊಡುವ ವರ್ಣಕೋಶಗಳು ಸವೆದು ಉಳಿದ ರೂಪವೇ ಇದು ಎಂಬ ವಾದವೂ ಇತ್ತು. 1961ರಲ್ಲಿ ಬಿರ್ಬೆಕ್ ಮತ್ತು ಸಂಗಡಿಗರು ತೊನ್ನು ಹತ್ತಿದ ಚರ್ಮವನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ವರ್ಣಕೋಶಗಳು ಇಲ್ಲವಾದ ಆ ಚರ್ಮದಲ್ಲಿಯೂ ಲಾಂಗರ್‌ಹಾನ್ಸ್ ಕೋಶಗಳು ಇದ್ದವು. ಅವುಗಳೊಳಗೆ ಟೆನಿಸ್ ಬ್ಯಾಟಿನ ಆಕಾರದ ವಿಶಿಷ್ಟ ಕಣಗಳಿದ್ದವು. ನರದ ಊಹೆ, ವರ್ಣಕೋಶದ ಊಹೆ ಎರಡೂ ಆಕಾರವನ್ನೂ ನೆರೆಹೊರೆಯನ್ನೂ ನೋಡಿ ಮಾಡಿದವು. ಮೂಲವನ್ನು ತೋರಿಸುವ ಸಾಕ್ಷ್ಯ ಎರಡಕ್ಕೂ ಇರಲಿಲ್ಲ.

1973ರ ಶೋಧ

ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕೆನಡಾ ಮೂಲದ ರಾಲ್ಫ್ ಸ್ಟೈನ್‌ಮನ್ ಅವರು ಜಾನ್‌ವಿಲ್ ಕೋನ್ ಅವರ ಪ್ರಯೋಗಶಾಲೆಯಲ್ಲಿ ಇಲಿಯ ಗುಲ್ಮದ ಕೋಶಗಳನ್ನು ಅಭ್ಯಸಿಸುತ್ತಿದ್ದರು. ಗಾಜಿಗೆ ಅಂಟಿಕೊಂಡ ಕೋಶಗಳ ನಡುವೆ ಕೆಲವು ವಿಚಿತ್ರವಾಗಿ ಕಂಡವು. ಅವು ಕವಲುಗಳನ್ನು ಚಾಚುತ್ತಿದ್ದವು, ಮತ್ತೆ ಒಳಗೆಳೆದುಕೊಳ್ಳುತ್ತಿದ್ದವು. ಆದರೆ ಭಕ್ಷಕಕೋಶಗಳಂತೆ ಕಣಗಳನ್ನು ನುಂಗುವುದರಲ್ಲಿ ಆಸಕ್ತಿ ತೋರುತ್ತಿರಲಿಲ್ಲ. ಗುಲ್ಮದ ಒಟ್ಟು ಕೋಶಗಳಲ್ಲಿ ಅವುಗಳ ಪಾಲು ಶೇಕಡಾ ಒಂದೆರಡರಷ್ಟು ಮಾತ್ರ. 1973ರಲ್ಲಿ ಇವರಿಬ್ಬರೂ ಇದೊಂದು ಹೊಸ ಬಗೆಯ ಕೋಶವೆಂದು ಪ್ರಕಟಿಸಿ ‘ಡೆಂಡ್ರೈಟಿಕ್ ಕೋಶ’ವೆಂದು ಹೆಸರಿಟ್ಟರು.

ವಿದ್ವತ್ಸಮೂಹ ಇದನ್ನು ಕೂಡಲೇ ಒಪ್ಪಲಿಲ್ಲ. ಭಕ್ಷಕಕೋಶದ ಒಂದು ವಿಕಾರವನ್ನೇ ಹೊಸ ಕೋಶವೆಂದು ಭ್ರಮಿಸಲಾಗಿದೆಯೆಂದು ಹಲವರು ಶಂಕಿಸಿದರು. 1978ರಲ್ಲಿ ಸ್ಟೈನ್‌ಮನ್ ಅವರು ಟಿ-ಕೋಶಗಳನ್ನು ಕೆರಳಿಸುವ ಸಾಮರ್ಥ್ಯದಲ್ಲಿ ಕವಲುಕೋಶ ಗುಲ್ಮದ ಇತರ ಕೋಶಗಳಿಗಿಂತ ಕನಿಷ್ಠ ನೂರು ಪಟ್ಟು ಮಿಗಿಲೆಂದು ತೋರಿಸಿದರು. ಕೆಲಸ ಬೇರೆಯೆಂಬುದು ಸ್ಪಷ್ಟವಾಯಿತು. ಆದರೂ ‘ಕೆಲಸ ಬೇರೆಯಾದ ಮಾತ್ರಕ್ಕೆ ಕುಲವೂ ಬೇರೆಯೇ?’ ಎಂಬ ಆಕ್ಷೇಪ ಉಳಿಯಿತು. ಒಂದೇ ಕೋಶ ಸಂದರ್ಭಕ್ಕೆ ತಕ್ಕಂತೆ ಎರಡು ವೇಷ ತೊಡುತ್ತಿರಬಹುದಲ್ಲ! ಈ ಆಕ್ಷೇಪಕ್ಕೆ ಉತ್ತರ ಕೊಡಬೇಕಾದರೆ ವಂಶಾವಳಿಯನ್ನೇ ಹುಡುಕಬೇಕಿತ್ತು.

ಮಾನೊಸೈಟಿನ ಮಕ್ಕಳೇ?

ಅಂದಿನ ಕಾಲದ ಪ್ರಬಲ ಸಿದ್ಧಾಂತ ಆಕ್ಷೇಪಕರ ಪರವಾಗಿಯೇ ಇತ್ತು. ಅಸ್ಥಿಮಜ್ಜೆಯಲ್ಲಿ ಹುಟ್ಟಿ ರಕ್ತದಲ್ಲಿ ಸಂಚರಿಸುವ ‘ಮಾನೊಸೈಟ್’ ಎಂಬ ಬಿಳಿಯ ರಕ್ತಕೋಶವೇ ಅಂಗಾಂಗಗಳನ್ನು ಹೊಕ್ಕು ಎಲ್ಲ ಬಗೆಯ ಭಕ್ಷಕಕೋಶಗಳಾಗಿ ಮಾರ್ಪಡುತ್ತದೆಂದು ಡಚ್ ವಿಜ್ಞಾನಿ ರಾಲ್ಫ್ ವಾನ್ ಫುರ್ತ್ ಮತ್ತು ಸಂಗಡಿಗರು 1972ರಲ್ಲಿ ಪ್ರತಿಪಾದಿಸಿದ್ದರು. ಕವಲುಕೋಶವೂ ಮಾನೊಸೈಟಿನ ಸಂತತಿಯೇ ಇರಬೇಕೆಂಬ ಊಹೆ ಅಲ್ಲಿಂದ ಒಂದೇ ಹೆಜ್ಜೆ.

1994ರಲ್ಲಿ ಫೆಡೆರಿಕಾ ಸಲ್ಲುಸ್ಟೊ ಮತ್ತು ಆಂಟೋನಿಯೊ ಲಾಂಜಾವೆಕ್ಕಿಯಾ ಈ ಊಹೆಗೆ ಗಟ್ಟಿಯಾದ ಆಧಾರವನ್ನೇ ಒದಗಿಸಿದಂತಾಯಿತು. ಮನುಷ್ಯರಕ್ತದ ಮಾನೊಸೈಟುಗಳನ್ನು ಜಿಎಂ-ಸಿಎಸ್‌ಎಫ್ ಮತ್ತು ಇಂಟರ್‌ಲ್ಯೂಕಿನ್-4 ಎಂಬ ಎರಡು ಪ್ರೋಟೀನುಗಳ ಜೊತೆಯಲ್ಲಿಟ್ಟು ಬೆಳೆಸಿದಾಗ ಅವು ಕವಲುಗಳನ್ನು ಚಾಚಿ, ಟಿ-ಕೋಶಗಳನ್ನು ಕೆರಳಿಸಲು ತೊಡಗಿದವು. ವಿರಳವಾದ ಕೋಶವನ್ನು ಪ್ರಯೋಗಶಾಲೆಯಲ್ಲಿ ಬೇಕಾದಷ್ಟು ಬೆಳೆಸುವ ದಾರಿ ಇದರಿಂದ ತೆರೆಯಿತು. ಪ್ರಪಂಚದ ನೂರಾರು ಪ್ರಯೋಗಶಾಲೆಗಳು ಈ ವಿಧಾನವನ್ನು ಕೈಗೊಂಡವು.

ಆದರೆ ತಟ್ಟೆಯಲ್ಲಿ ನಡೆಯಬಹುದಾದುದು ದೇಹದಲ್ಲಿ ನಡೆಯುತ್ತಿದೆಯೆಂದು ಅರ್ಥವಲ್ಲ. ‘ಆಗಬಲ್ಲದು’ ಮತ್ತು ‘ಆಗುತ್ತದೆ’ ಎಂಬೆರಡು ಕ್ರಿಯಾಪದಗಳ ನಡುವಣ ಅಂತರವನ್ನು ವ್ಯಾಕರಣದ ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಿಲ್ಲ. ಮೂಲಶೋಧದ ಮುಂದಿನ ಘಟ್ಟವೆಲ್ಲ ಈ ಅಂತರವನ್ನು ಅಳೆಯುವುದರಲ್ಲಿಯೇ ಕಳೆಯಿತು.

ಇತ್ತ ಮೆಲ್ಬರ್ನ್‌ನ ಕೆನ್ ಶಾರ್ಟ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಬೇರೊಂದು ಸಂಗತಿಯನ್ನು ತೋರಿಸಿದ್ದರು. ಟಿ-ಕೋಶಗಳನ್ನು ಹಡೆಯುವ ಪೂರ್ವಜಕೋಶಗಳಿಂದಲೂ ಥೈಮಸ್ ಗ್ರಂಥಿಯಲ್ಲಿ ಕವಲುಕೋಶಗಳು ಹುಟ್ಟಬಲ್ಲವು! ರಕ್ತಕೋಶಗಳ ವಂಶದಲ್ಲಿ ಭಕ್ಷಕಕೋಶಗಳದು ‘ಮೈಲಾಯ್ಡ್’ ಶಾಖೆ. ಟಿ ಮತ್ತು ಬಿ ಕೋಶಗಳದು ‘ಲಿಂಫಾಯ್ಡ್’ ಶಾಖೆ. ಹೀಗಾಗಿ ಕವಲುಕೋಶಗಳನ್ನೂ ‘ಮೈಲಾಯ್ಡ್ ಕವಲುಕೋಶ’, ‘ಲಿಂಫಾಯ್ಡ್ ಕವಲುಕೋಶ’ ಎಂದು ಎರಡಾಗಿ ವಿಂಗಡಿಸುವ ರೂಢಿ ಬಂದಿತು. ಈ ವಿಂಗಡಣೆಯೂ ಬಹುಕಾಲ ಬಾಳಲಿಲ್ಲ. ‘ಲಿಂಫಾಯ್ಡ್’ ಎಂದು ಹೆಸರಿಟ್ಟ ಬಗೆಯೇ ಮೈಲಾಯ್ಡ್ ಪೂರ್ವಜರಿಂದಲೂ ಹುಟ್ಟಬಲ್ಲದೆಂದು 2000ದಲ್ಲಿ ಕಂಡುಬಂದಿತು. ಮೂಲವನ್ನು ಸೂಚಿಸಲೆಂದೇ ಇಟ್ಟ ಹೆಸರು ಮೂಲದ ವಿಷಯದಲ್ಲಿಯೇ ದಾರಿ ತಪ್ಪಿಸುವಂತಾಯಿತು.

ಸಾಕ್ಷ್ಯದ ವಿಧಾನ

ಗ್ರಂಥಸಂಪಾದನಾಶಾಸ್ತ್ರವನ್ನು ಓದಿದವರಿಗೆ ಮುಂದಿನ ವಿಧಾನ ಪರಿಚಿತವೆನಿಸೀತು. ಒಂದು ಕಾವ್ಯದ ಹಲವು ಓಲೆಪ್ರತಿಗಳು ದೊರೆತಾಗ ಅವುಗಳ ಬಾಹ್ಯರೂಪವನ್ನು ನೋಡಿ ಸಂಬಂಧವನ್ನು ನಿರ್ಣಯಿಸಲಾಗದು. ಲಿಪಿಕಾರನ ಒಂದು ಸ್ಖಾಲಿತ್ಯ ಯಾವ ಯಾವ ಪ್ರತಿಗಳಲ್ಲಿ ಮರುಕಳಿಸಿದೆಯೆಂದು ನೋಡಿ, ಅವೆಲ್ಲ ಒಂದೇ ಮಾತೃಕೆಯಿಂದ ಇಳಿದವೆಂದು ಸಂಪಾದಕನು ತರ್ಕಿಸುತ್ತಾನೆ. ಕೋಶಗಳ ವಂಶಶೋಧದಲ್ಲಿಯೂ ಹೀಗೆಯೇ. ಪೂರ್ವಜಕೋಶದ ತಳಿಗುಣಸೂತ್ರದಲ್ಲಿ ಅಳಿಸಲಾಗದ ಒಂದು ಗುರುತನ್ನು ಮೂಡಿಸಿದರೆ ಅದರ ಎಲ್ಲ ಸಂತತಿಯಲ್ಲೂ ಆ ಗುರುತು ಮುಂದುವರಿಯುತ್ತದೆ. ಮುಂದೆ ಯಾವ ಅಂಗದಲ್ಲಿ, ಯಾವ ಆಕಾರದಲ್ಲಿ ಆ ಗುರುತು ಕಂಡರೂ ಮಾತೃಕೆ ಯಾವುದೆಂದು ನಿಶ್ಚಯಿಸಬಹುದು.

ಇದಲ್ಲದೆ ಇನ್ನೆರಡು ವಿಧಾನಗಳೂ ನೆರವಾದವು. ಒಂದು ಇಲಿಯ ಅಸ್ಥಿಮಜ್ಜೆಯನ್ನು ಇನ್ನೊಂದಕ್ಕೆ ಕಸಿಮಾಡಿ, ಯಾವ ಕೋಶಗಳು ಹೊಸ ಮಜ್ಜೆಯಿಂದ ಬಂದವು, ಯಾವುವು ಹಳೆಯವೇ ಉಳಿದವು ಎಂದು ಎಣಿಸುವುದು ಮೊದಲನೆಯದು. ಎರಡು ಇಲಿಗಳ ರಕ್ತಸಂಚಾರವನ್ನು ಜೋಡಿಸಿ, ರಕ್ತದ ಮೂಲಕ ಯಾವ ಕೋಶಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆಂದು ನೋಡುವುದು ಎರಡನೆಯದು.

ಈ ಬಗೆಯ ಪ್ರಯೋಗಗಳಿಂದ ಹೊಸ ಶತಮಾನದ ಮೊದಲ ದಶಕದಲ್ಲಿ ವಂಶವೃಕ್ಷದ ಕೊಂಬೆಗಳು ಒಂದೊಂದಾಗಿ ಸ್ಪಷ್ಟವಾದವು. ಅಸ್ಥಿಮಜ್ಜೆಯಲ್ಲಿರುವ ರಕ್ತದ ಆಕರಕೋಶವೇ ಎಲ್ಲಕ್ಕೂ ಬುಡ. ಅದರ ಸಂತತಿಯಲ್ಲಿ ಮಾನೊಸೈಟುಗಳಿಗೂ ಕವಲುಕೋಶಗಳಿಗೂ ಸಮಾನವಾದ ಒಂದು ಪೂರ್ವಜಕೋಶವಿದೆಯೆಂದು 2006ರಲ್ಲಿ ತಿಳಿಯಿತು. 2007ರಲ್ಲಿ ಮೆಲ್ಬರ್ನ್‌ನ ಒಂದು ತಂಡವೂ ಸ್ವಿಟ್ಜರ್ಲೆಂಡಿನ ಒಂದು ತಂಡವೂ ಪ್ರತ್ಯೇಕವಾಗಿ ಇನ್ನೊಂದು ಪೂರ್ವಜಕೋಶವನ್ನು ಗುರುತಿಸಿದವು. ಅದು ಕವಲುಕೋಶಗಳನ್ನು ಮಾತ್ರ ಹಡೆಯುತ್ತದೆ. ಮಾನೊಸೈಟನ್ನಾಗಲಿ ಟಿ-ಕೋಶವನ್ನಾಗಲಿ ಹಡೆಯುವುದಿಲ್ಲ. ಕವಲುಕೋಶಗಳಿಗೆ ತಮ್ಮದೇ ಆದ ಮನೆತನವಿದೆ, ಮಾನೊಸೈಟಿನೊಡನೆ ಅವುಗಳದು ದಾಯಾದಿ ಸಂಬಂಧವೇ ಹೊರತು ತಂದೆಮಕ್ಕಳ ಸಂಬಂಧವಲ್ಲ ಎಂಬುದು ಇದರಿಂದ ಸಿದ್ಧವಾಯಿತು. ಸ್ಟೈನ್‌ಮನ್ ಅವರು 1973ರಲ್ಲಿ ‘ಹೊಸ ಕೋಶ’ ಎಂದದ್ದು ವಂಶದ ದೃಷ್ಟಿಯಿಂದಲೂ ಸರಿಯಾಗಿತ್ತು.

ಈ ಮನೆತನದ ಮುಂದಿನ ಕುಡಿಗಳು ಮಜ್ಜೆಯಿಂದ ರಕ್ತಕ್ಕಿಳಿದು, ಅಂಗಾಂಗಗಳನ್ನು ಸೇರಿ, ಅಲ್ಲಿ ಪಕ್ವವಾಗುತ್ತವೆ. ಹೀಗೆ ಪಕ್ವವಾದವುಗಳಲ್ಲಿ ಎರಡು ಮುಖ್ಯ ಬಗೆ. ಮೊದಲನೆಯ ಬಗೆ ವೈರಾಣು ಹೊಕ್ಕ ಕೋಶಗಳನ್ನೂ ಅರ್ಬುದದ ಕೋಶಗಳನ್ನೂ ಕೊಲ್ಲುವ ಟಿ-ಕೋಶಗಳನ್ನು ಎಬ್ಬಿಸುವುದರಲ್ಲಿ ನಿಪುಣ. ಎರಡನೆಯ ಬಗೆ ಇತರ ಕೋಶಗಳಿಗೆ ನೆರವಾಗುವ ಟಿ-ಕೋಶಗಳನ್ನು ಸಜ್ಜುಗೊಳಿಸುವುದರಲ್ಲಿ ಮುಂದು. ಯಾವ ಕುಡಿ ಯಾವ ಬಗೆಯಾಗಬೇಕೆಂಬುದನ್ನು ಕೋಶದೊಳಗಿನ ಕೆಲವು ನಿಯಂತ್ರಕ ಪ್ರೋಟೀನುಗಳು ನಿರ್ಧರಿಸುತ್ತವೆ. ಮೊದಲನೆಯದಕ್ಕೆ ಐಆರ್‌ಎಫ್-8 ಮತ್ತು ಬ್ಯಾಟ್‌ಎಫ್-3, ಎರಡನೆಯದಕ್ಕೆ ಮುಖ್ಯವಾಗಿ ಐಆರ್‌ಎಫ್-4 ಬೇಕು. ಇಡೀ ಮನೆತನದ ಪೋಷಣೆಗೆ ‘ಎಫ್‌ಎಲ್‌ಟಿ-3 ಲಿಗ್ಯಾಂಡ್’ ಎಂಬ ಇನ್ನೊಂದು ಪ್ರೋಟೀನು ಅಗತ್ಯ. ಅದನ್ನು ಚುಚ್ಚಿದಾಗ ಇಲಿಗಳಲ್ಲಿ ಕವಲುಕೋಶಗಳು ಹಲವು ಪಟ್ಟು ಹೆಚ್ಚಿದ್ದನ್ನು 1996ರಲ್ಲಿಯೂ, ಅದಿಲ್ಲದ ಇಲಿಗಳಲ್ಲಿ ಅವು ತೀರಾ ಕುಗ್ಗಿದ್ದನ್ನು 2000ದಲ್ಲಿಯೂ ಕಾಣಲಾಯಿತು. ಪಕ್ವವಾದ ಕವಲುಕೋಶದ ಆಯುಸ್ಸು ಸಾಮಾನ್ಯವಾಗಿ ಕೆಲವೇ ದಿನ. ಆದುದರಿಂದ ಮಜ್ಜೆ ಅವುಗಳನ್ನು ನಿರಂತರವಾಗಿ ಒದಗಿಸುತ್ತಲೇ ಇರಬೇಕಾಗುತ್ತದೆ.

ಮೊದಲು ಕಂಡದ್ದೇ ಬೇರೆ ಮನೆಯದು

ವಂಶವೃಕ್ಷ ಹೀಗೆ ಸಿದ್ಧವಾಗುತ್ತಿರುವಾಗ ಲಾಂಗರ್‌ಹಾನ್ಸ್ ಕೋಶ ಮತ್ತೊಮ್ಮೆ ಸಮಸ್ಯೆಯಾಗಿ ನಿಂತಿತು. 1979ರ ಕಸಿಪ್ರಯೋಗವೊಂದು ಈ ಕೋಶಗಳೂ ಅಸ್ಥಿಮಜ್ಜೆಯಿಂದಲೇ ಬರುತ್ತವೆಂದು ತೋರಿಸಿತ್ತು. ಆಕಾರ ಒಂದೇ, ದುಗ್ಧಗ್ರಂಥಿಗೆ ಪಯಣಿಸುವ ಸ್ವಭಾವವೂ ಒಂದೇ. ಹೀಗಾಗಿ ಕವಲುಕೋಶಗಳಿಗೆಲ್ಲ ಇದೇ ಮಾದರಿಯೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು.

2002ರಲ್ಲಿ ಮಿರಿಯಮ್ ಮೆರಾಡ್ ಮತ್ತು ಸಂಗಡಿಗರು ಕಸಿಪ್ರಯೋಗಗಳನ್ನೂ ರಕ್ತಸಂಚಾರವನ್ನು ಜೋಡಿಸುವ ಪ್ರಯೋಗಗಳನ್ನೂ ಮತ್ತೆ ನಡೆಸಿದರು. ಇಲಿಯ ಮಜ್ಜೆಯನ್ನೆಲ್ಲ ವಿಕಿರಣದಿಂದ ನಾಶಮಾಡಿ ಬೇರೆ ಇಲಿಯ ಮಜ್ಜೆಯನ್ನು ಕಸಿಮಾಡಿದ ಮೇಲೂ, ಒಂದು ವರ್ಷಕ್ಕೂ ಮೀರಿ, ಚರ್ಮದ ಲಾಂಗರ್‌ಹಾನ್ಸ್ ಕೋಶಗಳು ಹಳೆಯ ಇಲಿಯವೇ ಆಗಿದ್ದವು. ಅವು ಮಜ್ಜೆಯ ಸರಬರಾಜನ್ನು ಕಾಯದೆ ಚರ್ಮದಲ್ಲಿಯೇ ವಿಭಜಿಸಿ ತಮ್ಮ ಸಂಖ್ಯೆಯನ್ನು ಉಳಿಸಿಕೊಳ್ಳುತ್ತಿದ್ದವು. ಚರ್ಮಕ್ಕೆ ತೀವ್ರವಾದ ಉರಿಯೂತವಾಗಿ ಅವು ನಾಶವಾದಾಗ ಮಾತ್ರ ರಕ್ತದಿಂದ ಹೊಸ ಕೋಶಗಳು ಬಂದು ಆ ಜಾಗವನ್ನು ತುಂಬುತ್ತಿದ್ದವು. ಬೇರೊಬ್ಬರ ಕೈಯನ್ನು ಕಸಿಮಾಡಿಸಿಕೊಂಡ ಮನುಷ್ಯರಲ್ಲಿಯೂ, ಹಲವು ವರ್ಷಗಳಾದ ಮೇಲೆ ಕಸಿಯ ಚರ್ಮದಲ್ಲಿ ದಾನಿಯ ಲಾಂಗರ್‌ಹಾನ್ಸ್ ಕೋಶಗಳೇ ಉಳಿದಿದ್ದುದು ಕಂಡುಬಂದಿದೆ.

ಹಾಗಾದರೆ ಇವು ಮೊದಲು ಚರ್ಮಕ್ಕೆ ಬಂದದ್ದೆಲ್ಲಿಂದ? ಉತ್ತರ ಭ್ರೂಣಾವಸ್ಥೆಯಲ್ಲಿದೆ. ಗರ್ಭದಲ್ಲಿರುವ ಶಿಶುವಿನಲ್ಲಿ ರಕ್ತ ಮೊದಲು ಮಜ್ಜೆಯಲ್ಲಿ ಹುಟ್ಟುವುದಿಲ್ಲ. ಭ್ರೂಣಕ್ಕೆ ಅಂಟಿಕೊಂಡಿರುವ ಹಳದಿಚೀಲದಲ್ಲಿ ಅದು ಮೊದಲು ತೊಡಗಿ, ಬಳಿಕ ಪಿತ್ತಜನಕಾಂಗಕ್ಕೆ ಸಾಗಿ, ಕೊನೆಗೆ ಮಜ್ಜೆಯಲ್ಲಿ ನೆಲೆಗೊಳ್ಳುತ್ತದೆ. ಮೆದುಳಿನ ಭಕ್ಷಕಕೋಶಗಳಾದ ‘ಮೈಕ್ರೊಗ್ಲಿಯಾ’ಗಳು ಹಳದಿಚೀಲದ ಸಂತತಿಯೆಂದು 2010ರಲ್ಲಿ ಫ್ಲೋರಾಂ ಜಿನೂ, ಮೆರಾಡ್ ಮತ್ತಿತರರು ಇಲಿಗಳಲ್ಲಿ ಗುರುತು ಮೂಡಿಸಿ ತೋರಿಸಿದರು. 2012ರಲ್ಲಿ ಅದೇ ಬಗೆಯ ಪ್ರಯೋಗದಿಂದ ಲಾಂಗರ್‌ಹಾನ್ಸ್ ಕೋಶಗಳ ಮೂಲವೂ ತಿಳಿಯಿತು. ಅವುಗಳಲ್ಲಿ ಬಹುಪಾಲು ಭ್ರೂಣದ ಪಿತ್ತಜನಕಾಂಗದ ಮಾನೊಸೈಟುಗಳಿಂದ ಬಂದವು. ಅಲ್ಪಭಾಗ ಹಳದಿಚೀಲದಿಂದ ಬಂದದ್ದು. ಹುಟ್ಟುವ ಮೊದಲೇ ಚರ್ಮವನ್ನು ಸೇರಿ, ಅಲ್ಲಿಯೇ ಸಂಸಾರ ಹೂಡಿ, ಜೀವಮಾನವಿಡೀ ಉಳಿಯುವ ಕೋಶಗಳಿವು. ಅಂದರೆ ಒಂದೂವರೆ ಶತಮಾನದ ಹಿಂದೆ ಮೊದಲು ಕಣ್ಣಿಗೆ ಬಿದ್ದ ‘ಕವಲುಕೋಶ’ ವಂಶದ ಲೆಕ್ಕದಲ್ಲಿ ಕವಲುಕೋಶವೇ ಅಲ್ಲ, ಭಕ್ಷಕಕೋಶಗಳ ಬಳಗದ್ದು.

ಮನುಷ್ಯರಲ್ಲಿ ಪ್ರಕೃತಿಯೇ ಇದಕ್ಕೆ ಸಾಕ್ಷ್ಯವನ್ನು ಒದಗಿಸಿದೆ. ಜಿಎಟಿಎ-2 ಎಂಬ ವಂಶವಾಹಿಯ ದೋಷವಿರುವ ರೋಗಿಗಳ ರಕ್ತದಲ್ಲಿ ಮಾನೊಸೈಟುಗಳೂ ಕವಲುಕೋಶಗಳೂ ಇಲ್ಲವಾಗುತ್ತವೆ. ಆದರೂ ಅಂಥ ಹಲವರ ಚರ್ಮದಲ್ಲಿ ಲಾಂಗರ್‌ಹಾನ್ಸ್ ಕೋಶಗಳು ಉಳಿದಿದ್ದುದನ್ನು 2011ರಲ್ಲಿ ವೈದ್ಯರು ವರದಿಮಾಡಿದರು.

ಹೆಸರು ಮತ್ತು ವ್ಯುತ್ಪತ್ತಿ

ರೂಪಸಾಮ್ಯ ಮೂಲಸಾಮ್ಯವಲ್ಲವೆಂಬುದು ಭಾಷಾವಿದ್ಯಾರ್ಥಿಗಳಿಗೆ ಹೊಸತಲ್ಲ. ‘ಅರಿ’ ಎಂಬ ರೂಪವನ್ನೇ ತೆಗೆದುಕೊಳ್ಳಬಹುದು. ಶತ್ರುವೆಂಬ ಅರ್ಥದ ‘ಅರಿ’ ಸಂಸ್ಕೃತದ್ದು. ತಿಳಿಯೆಂಬ ಅರ್ಥದ ‘ಅರಿ’ ಅಚ್ಚಗನ್ನಡದ್ದು, ಹಳಗನ್ನಡದಲ್ಲಿ ಶಕಟರೇಫವುಳ್ಳ ‘ಅಱಿ’. ಱಕಾರ ಬಳಕೆಯಿಂದ ಮರೆಯಾದ ಮೇಲೆ ಎರಡು ಮನೆಗಳ ಪದಗಳು ಒಂದೇ ವೇಷದಲ್ಲಿ ನಿಂತವು. ಇದಕ್ಕೆ ವಿಪರ್ಯಯವಾಗಿ ಹೊಸಗನ್ನಡದ ‘ಹಾಲು’ ಮತ್ತು ತೆಲುಗಿನ ‘ಪಾಲು’ ಬೇರೆ ರೂಪದವಾದರೂ ಒಂದೇ ಮನೆಯವು; ಹಳಗನ್ನಡದ ‘ಪಾಲ್’ ನಡುವೆ ನಿಂತು ಆ ನಂಟನ್ನು ತೋರಿಸುತ್ತದೆ. ನಿಘಂಟುಕಾರನು ಮೊದಲಿನವನ್ನು ಎರಡು ಉಲ್ಲೇಖಗಳಾಗಿ ಬಿಡಿಸಬೇಕು, ಎರಡನೆಯವನ್ನು ಒಂದೆಡೆ ಕೂಡಿಸಬೇಕು.

ಕೋಶಗಳ ‘ನಿಘಂಟು’ ಇಂಥದೇ ಪರಿಷ್ಕರಣೆಗೆ ಒಳಗಾದದ್ದು 2014ರಲ್ಲಿ. ಮಾರ್ಟಿನ್ ಗಿಲಿಯಮ್ಸ್ ಮೊದಲಾದ ವಿಜ್ಞಾನಿಗಳು ಈ ಬಳಗದ ಕೋಶಗಳಿಗೆ ಮೊದಲು ಮೂಲವನ್ನನುಸರಿಸಿ ಹೆಸರಿಡಬೇಕು, ಸ್ಥಳ, ಆಕಾರ, ಕಾರ್ಯಗಳನ್ನು ಆಮೇಲೆ ವಿಶೇಷಣವಾಗಿ ಸೇರಿಸಬೇಕು ಎಂದು ಸೂಚಿಸಿದರು. ಆವರೆಗೆ ಗುಲ್ಮದಲ್ಲಿ ಒಂದು ಹೆಸರು, ಚರ್ಮದಲ್ಲಿ ಇನ್ನೊಂದು, ಇಲಿಯಲ್ಲಿ ಒಂದು, ಮನುಷ್ಯನಲ್ಲಿ ಮತ್ತೊಂದು ಎಂಬಂತಿದ್ದ ಗೊಂದಲ ಇದರಿಂದ ಬಹುಮಟ್ಟಿಗೆ ತಿಳಿಯಾಯಿತು. ಇಲಿಯ ಕೋಶಕ್ಕೂ ಮನುಷ್ಯನ ಕೋಶಕ್ಕೂ ನಡುವಣ ಸಂವಾದ ಸ್ಪಷ್ಟವಾದುದರಿಂದ ಇಲಿಯಲ್ಲಿ ಕಲಿತದ್ದನ್ನು ರೋಗಿಗೆ ಅನ್ವಯಿಸುವ ದಾರಿಯೂ ಸುಗಮವಾಯಿತು.

ಎಲ್ಲ ವಾದಗಳೂ ಮುಗಿದಿಲ್ಲ. ವೈರಾಣು ಸೋಕಿದಾಗ ಅಪಾರ ಪ್ರಮಾಣದಲ್ಲಿ ಇಂಟರ್‌ಫೆರಾನ್ ಎಂಬ ರಕ್ಷಕದ್ರವ್ಯವನ್ನು ಸುರಿಸುವ ‘ಪ್ಲಾಸ್ಮಸೈಟಾಯ್ಡ್ ಕವಲುಕೋಶ’ ಹೆಚ್ಚಾಗಿ ಲಿಂಫಾಯ್ಡ್ ಶಾಖೆಯಿಂದ ಬರುತ್ತದೆಂದು ಇತ್ತೀಚಿನ ಅಧ್ಯಯನಗಳು ಹೇಳುತ್ತಿವೆ. ಅದನ್ನು ಈ ಮನೆತನದಲ್ಲಿ ಇರಿಸಿಕೊಳ್ಳಬೇಕೇ ಎಂಬ ಚರ್ಚೆ ನಡೆದಿದೆ. ಮೂಲವೇ ಸರ್ವಸ್ವವೆಂದೂ ತಿಳಿಯಬೇಕಿಲ್ಲ. ಲಾಂಗರ್‌ಹಾನ್ಸ್ ಕೋಶದ ಮೂಲ ಭಕ್ಷಕಕೋಶದ್ದಾದರೂ, ದುಗ್ಧಗ್ರಂಥಿಗೆ ಪಯಣಿಸುವ ಬೇಹುಗಾರಿಕೆಯನ್ನು ಅದು ಚರ್ಮದ ಗಡಿಯಲ್ಲಿ ನೆಲಸಿ ಮೈಗೂಡಿಸಿಕೊಂಡಿದೆ. ಹುಟ್ಟಿನ ಜೊತೆಗೆ ನೆಲೆಯೂ ಕೋಶವನ್ನು ರೂಪಿಸುತ್ತದೆ.

ಮೂಲವರಿತು ಫಲವೇನು?

ಇದೆಲ್ಲ ಕೇವಲ ನಾಮಕರಣದ ವಾದವೆಂದು ಯಾರಿಗಾದರೂ ತೋರಬಹುದು. ಆದರೆ ಇದರಲ್ಲಿ ಜೀವಗಳ ಪ್ರಶ್ನೆಯಿದೆ. ಐಆರ್‌ಎಫ್-8 ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟ ಒಂದು ಹಸುಗೂಸಿನ ವೃತ್ತಾಂತ 2011ರಲ್ಲಿ ಪ್ರಕಟವಾಯಿತು. ಆ ಮಗುವಿನ ರಕ್ತದಲ್ಲಿ ಮಾನೊಸೈಟುಗಳೂ ಇರಲಿಲ್ಲ, ಕವಲುಕೋಶಗಳೂ ಇರಲಿಲ್ಲ. ಕ್ಷಯದ ವಿರುದ್ಧ ಕೊಡುವ ಬಿಸಿಜಿ ಲಸಿಕೆಯ ದುರ್ಬಲ ರೋಗಾಣುವೇ ಮಗುವಿನ ಮೈಯಲ್ಲೆಲ್ಲ ಹರಡಿತು. ಇಂಥ ಶಿಶುಗಳಿಗೆ ಉಳಿವಿನ ದಾರಿ ರಕ್ತದ ಆಕರಕೋಶಗಳ ಕಸಿ. ದೋಷವಿರುವುದು ವಂಶವೃಕ್ಷದ ಬುಡದ ಸಮೀಪದಲ್ಲೆಂದು ತಿಳಿದುದರಿಂದಲೇ ಬುಡವನ್ನೇ ಬದಲಿಸುವ ಚಿಕಿತ್ಸೆಯ ತರ್ಕ ಗಟ್ಟಿಯಾಗುತ್ತದೆ.

ಅರ್ಬುದರೋಗದ ಚಿಕಿತ್ಸೆಯಲ್ಲಿ ಈ ಪ್ರಶ್ನೆ ಇನ್ನೂ ಮೊನಚಾಗಿದೆ. ರೋಗಿಯ ಮಾನೊಸೈಟುಗಳನ್ನು ತೆಗೆದು, 1994ರ ವಿಧಾನದಿಂದ ಕವಲುಕೋಶಗಳಾಗಿ ಬೆಳೆಸಿ, ಅರ್ಬುದದ ಕುರುಹನ್ನು ತಿನಿಸಿ, ಮರಳಿ ದೇಹಕ್ಕೆ ಚುಚ್ಚುವ ಲಸಿಕೆಗಳನ್ನು ಎಷ್ಟೋ ಕಡೆ ಪ್ರಯೋಗಿಸಲಾಯಿತು. ರೋಗಿಯ ರಕ್ತದ ಕೋಶಗಳನ್ನು ಹೊರಗೆ ತೆಗೆದು ಸಜ್ಜುಗೊಳಿಸುವ ‘ಸಿಪುಲ್ಯೂಸೆಲ್-ಟಿ’ ಎಂಬ ಚಿಕಿತ್ಸೆಗೆ 2010ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಮುಂದುವರಿದ ಪ್ರಾಸ್ಟೇಟ್ ಅರ್ಬುದವಿರುವವರ ಆಯುಸ್ಸನ್ನು ಅದು ಸರಾಸರಿ ಸುಮಾರು ನಾಲ್ಕು ತಿಂಗಳು ಹೆಚ್ಚಿಸಿತು. ಒಟ್ಟಿನಲ್ಲಿ ಇಂಥ ಲಸಿಕೆಗಳಿಂದ ನಿರೀಕ್ಷಿಸಿದಷ್ಟು ಫಲ ಬರಲಿಲ್ಲ. ಇದಕ್ಕೆ ಕಾರಣಗಳು ಹಲವು. ಮೂಲದ ಪ್ರಶ್ನೆ ಅವುಗಳಲ್ಲಿ ಒಂದು. ಸೇಂಟ್ ಲೂಯಿಯ ಕೆನೆತ್ ಮರ್ಫಿ ಅವರ ತಂಡ 2008ರಲ್ಲಿ ಬ್ಯಾಟ್‌ಎಫ್-3 ಇಲ್ಲದ ಇಲಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಮೊದಲನೆಯ ಬಗೆಯ ಕವಲುಕೋಶಗಳು ಇರಲಿಲ್ಲ. ಇತರ ಇಲಿಗಳು ಸುಲಭವಾಗಿ ಹಿಮ್ಮೆಟ್ಟಿಸುವ ಗಡ್ಡೆಗಳನ್ನೂ ಅವು ತಡೆಯಲಾರದಾದವು. ಮಾನೊಸೈಟಿನಿಂದ ತಯಾರಾದ ಕೋಶ ಆಕಾರದಲ್ಲಿ ಕವಲುಕೋಶವಾದರೂ ಆ ಮನೆಯ ವಿದ್ಯೆಯೆಲ್ಲ ಅದಕ್ಕೆ ಬಂದಿರುವುದಿಲ್ಲ. ಈ ಕಾರಣದಿಂದಲೇ ಎಫ್‌ಎಲ್‌ಟಿ-3 ಲಿಗ್ಯಾಂಡಿನ ನೆರವಿನಿಂದ ದೇಹದೊಳಗಿನ ನಿಜವಾದ ಮನೆತನವನ್ನೇ ಬೆಳೆಸಿ ಬಳಸುವ ಪ್ರಯತ್ನಗಳು ಇಂದು ನಡೆದಿವೆ.

ಸ್ಟೈನ್‌ಮನ್ ಅವರಿಗೆ ಈ ಪ್ರಶ್ನೆ ಪ್ರಯೋಗಶಾಲೆಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. 2007ರಲ್ಲಿ ಅವರಿಗೆ ಮೇದೋಜೀರಕಾಂಗದ ಅರ್ಬುದವಿರುವುದು ಪತ್ತೆಯಾಯಿತು. ಸಾಮಾನ್ಯ ಚಿಕಿತ್ಸೆಯ ಜೊತೆಗೆ, ತಮ್ಮ ಜೀವಮಾನದ ಶೋಧವನ್ನು ಆಧರಿಸಿದ ಪ್ರಾಯೋಗಿಕ ಲಸಿಕೆಗಳನ್ನೂ ಅವರು ಪಡೆದರು. ಬೇಗನೆ ಕೊಲ್ಲುವ ಆ ರೋಗದೊಡನೆ ನಾಲ್ಕು ವರ್ಷಗಳಿಗೂ ಮೀರಿ ಬದುಕಿದರು. ಇದು ಲಸಿಕೆಗಳ ಫಲವೇ ಎಂಬುದನ್ನು ಒಬ್ಬನೇ ರೋಗಿಯ ಅನುಭವದಿಂದ ಸಾಧಿಸಲಾಗದು. 2011ರ ಸೆಪ್ಟೆಂಬರ್ 30ರಂದು ಅವರು ನಿಧನರಾದರು. ಅಕ್ಟೋಬರ್ 3ರಂದು ನೊಬೆಲ್ ಸಮಿತಿ, ಈ ಸಂಗತಿ ತಿಳಿಯದೆ, ಆ ವರ್ಷದ ವೈದ್ಯಕೀಯ ಪ್ರಶಸ್ತಿಯಲ್ಲಿ ಅರ್ಧಪಾಲನ್ನು ಅವರಿಗೆ ಘೋಷಿಸಿತು. ಮರಣಾನಂತರ ಪ್ರಶಸ್ತಿ ನೀಡಬಾರದೆಂಬ ನಿಯಮವಿದ್ದರೂ, ನಿರ್ಧಾರವನ್ನು ಸದ್ಭಾವದಿಂದ ಕೈಗೊಂಡ ಕಾರಣ ಅದು ಹಾಗೆಯೇ ಉಳಿಯಿತು.

ಲಾಂಗರ್‌ಹಾನ್ಸ್ ನರವೆಂದು ಬಗೆದ ಕೋಶ ವರ್ಣಕೋಶವೆನಿಸಿ, ಮಜ್ಜೆಯ ಕೂಸೆನಿಸಿ, ಕೊನೆಗೆ ಭ್ರೂಣದ ಪಿತ್ತಜನಕಾಂಗದ ಸಂತತಿಯೆಂದು ನಿಶ್ಚಯವಾಯಿತು. ಒಂದೊಂದು ಉತ್ತರವೂ ತನ್ನ ಕಾಲದ ಸಾಧನಗಳಿಗೆ ಎಟುಕಿದಷ್ಟು ಸತ್ಯವನ್ನು ಹೇಳಿತು; ಮುಂದಿನ ಸಾಧನ ಅದನ್ನು ತಿದ್ದಿತು. ಪದದ ವ್ಯುತ್ಪತ್ತಿಯನ್ನು ಹುಡುಕುವವರೂ ಕೋಶದ ವಂಶವನ್ನು ಹುಡುಕುವವರೂ ಪಾಲಿಸಬೇಕಾದ ಶಿಸ್ತು ಒಂದೇ: ಕಣ್ಣಿಗೆ ಕಾಣುವ ಹೋಲಿಕೆಯನ್ನು ಪ್ರಶ್ನೆಯಾಗಿ ಸ್ವೀಕರಿಸಬೇಕು, ಉತ್ತರವನ್ನು ಸಾಕ್ಷ್ಯದಿಂದ ಪಡೆಯಬೇಕು.